ಬಾಂದುಕಲ್ಲಿಲ್ಲದ ಊರಿನಲ್ಲಿ ಭೂಮಾಪಕರು

ಭೂಮಾಪನ ಇಲಾಖೆಯಿಂದ ನಿವೃತ್ತರಾಗುವವರು ಅಳತೆಯ ಸರಪಳಿಯನ್ನು ಕಚೇರಿಗೆ ಒಪ್ಪಿಸಿ ಬರುತ್ತಾರೆಯೇ ಹೊರತು ಕಣ್ಣನ್ನು ಒಪ್ಪಿಸಿ ಬರುವುದಿಲ್ಲ. ನಮ್ಮ ಭಾವನವರು ಮದುವೆಯ ಚಪ್ಪರದಡಿ ಊಟಕ್ಕೆ ಕುಳಿತರೂ, ಪಾಯಸ ಬರುವಷ್ಟರಲ್ಲಿ ಆ ಚಪ್ಪರ ಎಷ್ಟು ಗುಂಟೆ ಎಷ್ಟು ಆಣೆ ಎಂಬ ಲೆಕ್ಕವನ್ನು ಮುಗಿಸಿರುತ್ತಾರೆ. ಅಕ್ಕನ ಮಗಳಿಗೆ ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಲಬುವಾನ್ ಬಾಜೋ ಪಟ್ಟಣದಲ್ಲಿ ಹೋಟೆಲ್ ಉದ್ಯೋಗ ಸಿಕ್ಕಿ, ಆಕೆ ಅಪ್ಪನನ್ನೂ ಮಾವನಾದ ನನ್ನನ್ನೂ ಕರೆಸಿಕೊಂಡಾಗ, ಎಲ್ಲರೂ ಕೊಮೊಡೊ ಉಡಗಳನ್ನು ನೋಡಲು ಹೊರಟರೆ ಭಾವನವರು ಮಾತ್ರ ‘ಅಲ್ಲಿ ಜಮೀನಿಗೆ ಹದ್ದುಬಸ್ತು ಹೇಗೆ ಮಾಡುತ್ತಾರೋ ನೋಡಬೇಕು’ ಎಂದು ವಿಮಾನ ಹತ್ತಿದರು.

ನೋಡುವ ಭಾಗ್ಯ ಬೇಗನೆ ಒದಗಿತು. ಮಗಳ ಸಹೋದ್ಯೋಗಿಯೊಬ್ಬನ ಹುಟ್ಟೂರು ಒಳನಾಡಿನ ಮಂಗರಾಯ್ ಸೀಮೆಯಲ್ಲಿ, ರುತೆಂಗ್ ಪಟ್ಟಣದ ಪಶ್ಚಿಮಕ್ಕಿರುವ ಚಂಚಾರ್ ಬಳಿಯ ಒಂದು ಹಳ್ಳಿ. ಅಲ್ಲಿ ಗುಡ್ಡ ಹತ್ತಿ ಕೆಳಗೆ ನೋಡಿದರೆ, ಗದ್ದೆಗಳೆಲ್ಲ ಜೇಡರ ಬಲೆಯ ಆಕಾರದಲ್ಲಿ ಹರಡಿಕೊಂಡಿರುತ್ತವೆ. ಅದಕ್ಕೆ ಲಿಂಗ್ಕೋ ಎನ್ನುತ್ತಾರೆ. ಕುಲದವರಿಗೆಲ್ಲ ಸೇರಿದ ಭೂಮಿಯ ನಡುವೆ ಒಂದು ಬಿಂದುವನ್ನು ಗುರುತಿಸಿ, ಪೂಜೆ ಮಾಡಿ, ಗೂಟ ನೆಟ್ಟು, ಅಲ್ಲಿಂದ ಹೊರಗಿನ ಗಡಿಯವರೆಗೆ ಗೆರೆಗಳನ್ನು ಎಳೆಯುತ್ತಾರೆ. ಒಂದೊಂದು ಮನೆಗೂ ನಡುವಿನಲ್ಲಿ ಚೂಪಾಗಿ, ಅಂಚಿನಲ್ಲಿ ಅಗಲವಾಗಿರುವ ಒಂದೊಂದು ಪಾಲು. ಯಾರಿಗೆ ಎಷ್ಟು ಅಗಲ ಎಂಬುದನ್ನು ನಿರ್ಧರಿಸುವವರು ತುವಾ ತೆನೋ ಎಂಬ ಹಿರಿಯರು. ಅವರ ಅಳತೆಗೋಲು ಅವರ ಕೈಬೆರಳು. ನಡುವಿನ ಗೂಟದ ಬಳಿ ಇಷ್ಟು ಬೆರಳಿನ ಅಗಲ ಎಂದು ಹಿಡಿದರೆ ಮುಗಿಯಿತು, ಪಾಲಾಯಿತು.

ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಏನಯ್ಯಾ, ಹದ್ದುಗಳೆಲ್ಲ ಒಂದೇ ಬಿಂದುವಿಗೆ ಬಂದು ಕೂಡುವುದಾದರೆ ಇಡೀ ಊರಿಗೆ ಒಂದೇ ಬಾಂದುಕಲ್ಲು ಸಾಕಾಯಿತಲ್ಲ! ಮಿಕ್ಕ ಕಲ್ಲುಗಳ ಬಿಲ್ಲನ್ನು ಇವರು ಹೇಗೆ ಬರೆಯುತ್ತಾರೆ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರ ನಿಜವಾದ ಸಂಕಟ ಬೇರೆಯೇ ಇತ್ತು. ನಡುವಿನಲ್ಲಿ ಅರ್ಧ ಬೆರಳು ಆಚೀಚೆಯಾದರೆ, ಗೆರೆ ಹೊರಗಂಚನ್ನು ಮುಟ್ಟುವ ಹೊತ್ತಿಗೆ ಒಂದು ಎತ್ತಿನಗಾಡಿ ಓಡಾಡುವಷ್ಟು ಜಾಗ ಪಕ್ಕದವನಿಗೆ ಸೇರಿಹೋಗುತ್ತದೆ. ನಮ್ಮ ಕಡೆ ಅಷ್ಟು ಜಾಗಕ್ಕೆ ಎರಡು ತಲೆಮಾರು ಕೋರ್ಟು ಹತ್ತಿಳಿಯುತ್ತವೆ ಎಂಬುದನ್ನು ವೃತ್ತಿಜೀವನವಿಡೀ ನೋಡಿದವರು ಅವರು.

ಮರುದಿನ ಬೆಳಗ್ಗೆ ಎಲ್ಲರೂ ಏಳುವ ಮೊದಲೇ ಅವರು ಗದ್ದೆಯ ಬದುವಿನಲ್ಲಿದ್ದರು. ಒಂದು ಸರಪಳಿಗೆ, ಅಂದರೆ ಮೂವತ್ತಮೂರು ಅಡಿಗೆ, ಎಷ್ಟು ಹೆಜ್ಜೆ ಎಂಬುದು ಅವರ ಕಾಲಿಗೆ ಬಾಯಿಪಾಠ. ಕೈಯಲ್ಲೊಂದು ಪುಟ್ಟ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ಲು, ತಲೆಗೆ ಮಫ್ಲರು. ಅಂಚಿನಿಂದ ನಡುವಿನ ಕಡೆಗೆ ಎಣಿಸುತ್ತ ನಡೆದರು. ಈ ವೇಷದಲ್ಲಿ ಅಪರಿಚಿತನೊಬ್ಬ ತಮ್ಮ ಗದ್ದೆಯನ್ನು ಹೆಜ್ಜೆಯಲ್ಲಿ ಅಳೆಯುವುದನ್ನು ಕಂಡರೆ ಯಾವ ದೇಶದ ರೈತನಾದರೂ ಸುಮ್ಮನಿರುವುದಿಲ್ಲ. ಅದರಲ್ಲೂ ಲಬುವಾನ್ ಬಾಜೋ ಪ್ರವಾಸಿಗರ ಊರಾದ ಮೇಲೆ ಕರಾವಳಿಯ ಜಮೀನಿಗೆ ಬಂದಿರುವ ಬೆಲೆಯ ಕಥೆಗಳು ಗುಡ್ಡಗಳನ್ನೂ ಹತ್ತಿವೆ. ನಾವು ಕಾಫಿಯ ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಭಾವನವರ ಸುತ್ತ ಅರ್ಧ ಊರು ನೆರೆದಿತ್ತು. ಈತ ಹೊರದೇಶದಿಂದ ಬಂದ ಖರೀದಿದಾರ ಎಂದು ಒಂದು ಪಕ್ಷ, ಸರ್ಕಾರದ ಭೂ ಕಚೇರಿಯವನೆಂದು ಇನ್ನೊಂದು ಪಕ್ಷ. ಭಾವನವರಿಗೆ ಇಂಡೊನೇಷ್ಯಾದ ಭಾಷೆ ಬಾರದು. ನಡುನಡುವೆ ಕನ್ನಡದಲ್ಲೇ ‘ಸ್ವಲ್ಪ ಆ ತುದಿ ಹಿಡೀರಿ’ ಎನ್ನುತ್ತಿದ್ದುದರಿಂದ ಎರಡೂ ಪಕ್ಷಗಳ ಅನುಮಾನ ಗಟ್ಟಿಯಾಗುತ್ತಲೇ ಹೋಯಿತು. ಒಬ್ಬ ಹುಡುಗ ನಿಜವಾಗಿಯೂ ಆ ತುದಿ ಹಿಡಿದುಕೊಂಡು ನಿಂತಿದ್ದ ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ವಿಚಾರಣೆ ಗೆಂಡಾಂಗ್ ಮನೆಗೆ ಹೋಯಿತು. ಕುಲದ ನಗಾರಿಗಳು ಇರುವ ಮನೆ ಅದು. ಒಳಗೆ ನಗಾರಿ, ಹೊರಗೆ ಲಿಂಗ್ಕೋ, ಎರಡೂ ಇದ್ದರೆ ಊರು ಎನ್ನುವುದು ಮಂಗರಾಯ್ ಜನರ ನಂಬಿಕೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಭಾವನವರು ಈ ಭಂಗಿಯಲ್ಲಿ ಮಾತ್ರ ಸ್ಥಳೀಯರಿಗಿಂತ ನಿರಾಳವಾಗಿದ್ದರು. ನಮ್ಮ ಆತಿಥೇಯ ದುಭಾಷಿಯಾದ. ಹಿರಿಯರು ಮೊದಲು ಕೇಳಿದ್ದು, ಕೊಳ್ಳಲು ಬಂದಿರಾ ಎಂದು. ಆ ದೇಶದ 1960ರ ಭೂಕಾಯಿದೆಯ ಪ್ರಕಾರ ಜಮೀನಿನ ಪೂರ್ಣ ಒಡೆತನ ಪರದೇಶಿಯರಿಗೆ ದಕ್ಕುವುದಿಲ್ಲ. ಹೆಚ್ಚೆಂದರೆ ಅವಧಿಗೆ ಬಳಸುವ ಹಕ್ಕು. ಭಾವನವರು ಇದನ್ನು ಬರುವ ಮುನ್ನವೇ ಓದಿಕೊಂಡಿದ್ದರು. ‘ನಾನು ಅಳೆಯುವವನು, ಕೊಳ್ಳುವವನಲ್ಲ. ನಮ್ಮೂರಲ್ಲೂ ಕೊಂಡಿಲ್ಲ’ ಎಂದರು. ಅಕ್ಕ ಅಲ್ಲಿದ್ದಿದ್ದರೆ ಈ ಮಾತಿನ ಎರಡನೆಯ ಅರ್ಧಕ್ಕೆ ಸಾಕ್ಷಿ ನುಡಿಯುತ್ತಿದ್ದಳು.

ಸರ್ಕಾರದ ಪ್ರಮಾಣಪತ್ರದ ಮಾತೂ ಬಂತು. ಹಿಂದಿನ ಅಧ್ಯಕ್ಷ ಜೋಕೋ ವಿಡೊಡೊ ದೇಶದ ಜಮೀನನ್ನೆಲ್ಲ ನೋಂದಾಯಿಸಲು ಹೊರಟು, ಸಭೆಗಳಲ್ಲಿ ತಾವೇ ನಿಂತು ಭೂಪತ್ರ ಹಂಚುತ್ತಿದ್ದರು. ಅವರ ಸಭೆಗಳಲ್ಲಿ ಪ್ರಶ್ನೆಗೆ ಸರಿಯುತ್ತರ ಹೇಳಿದವರಿಗೆ ಸೈಕಲ್ಲೂ ಸಿಗುತ್ತಿತ್ತು. ನಮ್ಮ ಪಹಣಿಯ ಕೌಂಟರಿನಲ್ಲಿ ಉತ್ತರ ಹೇಳಬೇಕಾದವರೂ ನಾವೇ, ಸೈಕಲ್ಲಿನಲ್ಲಿ ಮರುದಿನ ಬರಬೇಕಾದವರೂ ನಾವೇ ಎಂದು ಭಾವನವರು ಪಕ್ಕದಲ್ಲಿ ಗೊಣಗಿದ್ದನ್ನು ದುಭಾಷಿಗೆ ಕೇಳಿಸದಂತೆ ನಾನು ಕೆಮ್ಮಿದೆ. ಕೊನೆಗೆ ಅವರು ತಮ್ಮ ಅರ್ಧ ಬೆರಳಿನ ಸಂಶಯವನ್ನು ಮಂಡಿಸಿದರು. ಹಿರಿಯರು ತಮ್ಮ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡು, ‘ತಪ್ಪಾದರೆ ಬೆರಳು ಯಾರದೆಂದು ಊರಿಗೆಲ್ಲ ಗೊತ್ತಿದೆ. ನಿಮ್ಮ ಸರಪಳಿ ಯಾರದು?’ ಎಂದರು. ಭಾವನವರು ಪುಸ್ತಕ ಮುಚ್ಚಿದರು.

ಅಷ್ಟರಲ್ಲಿ ಅಡಿಕೆಯ ತಟ್ಟೆ ಬಂತು. ಅಡಿಕೆ ಸರಿ, ಸುಣ್ಣ ಸರಿ, ಎಲೆ ಮಾತ್ರ ಇಲ್ಲ! ಆ ಕಡೆ ವೀಳ್ಯದ ಬಳ್ಳಿಯ ಕಾಯಿಯನ್ನು, ನೋಡಲು ಹಿಪ್ಪಲಿಯ ಹಾಗಿರುವ ಹಸಿರು ಕಾಯಿಯನ್ನು, ಸುಣ್ಣದ ಪುಡಿಯಲ್ಲಿ ಅದ್ದಿ ಅಡಿಕೆಯೊಡನೆ ಅಗಿಯುತ್ತಾರೆ. ಭಾವನವರು ಜೇಬಿನಿಂದ ತೀರ್ಥಹಳ್ಳಿಯ ಅಡಿಕೆಯ ಪೊಟ್ಟಣ ತೆಗೆದು ಹಂಚಿದರು. ಅಜ್ಜಿಯೊಬ್ಬರು ಒಂದು ಹೋಳನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, ಇನ್ನೊಂದು ಹೋಳಿಗೆ ಕೈ ಚಾಚಿದರು. ಖರೀದಿದಾರರ ಪಕ್ಷ ಅಲ್ಲಿಗೆ ವಿಸರ್ಜನೆಯಾಯಿತು.

ಆದರೆ ಮರ್ಯಾದೆ ಹೆಚ್ಚಾದುದೇ ಹೊಸ ಪೇಚಿಗೆ ಕಾರಣ. ಅತಿಥಿಯನ್ನು ಬರಮಾಡಿಕೊಳ್ಳುವಾಗ ತುವಾಕ್ ಎಂಬ ಸೇಂದಿಯನ್ನೂ ಜೀವಂತ ಹುಂಜವನ್ನೂ ಕೈಗೆ ಕೊಡುವುದು ಮಂಗರಾಯ್ ಸಂಪ್ರದಾಯ. ಸೇಂದಿಯನ್ನು ಮುಟ್ಟಿ ನಮಸ್ಕರಿಸಿ ಪಾರಾದ ಭಾವನವರು, ಮೊಟ್ಟೆಯ ವಾಸನೆಗೇ ಮೂಗು ಮುಚ್ಚುವ ಮನುಷ್ಯ, ಬಿಳಿಯ ಹುಂಜವನ್ನು ಎದೆಗವಚಿಕೊಂಡು ಫೋಟೋಗೆ ನಿಂತರು. ಹಿಂದಿರುಗಿಸುವುದು ಅವಮಾನವೆಂದೂ, ಇಟ್ಟುಕೊಂಡರೆ ರಾತ್ರಿಯ ಸಾರಿನ ಪಾತ್ರೆಗೆ ಹೋಗುತ್ತದೆಂದೂ ದುಭಾಷಿ ತಿಳಿಸಿದ. ಎರಡೂ ಬೇಡವೆಂದು ಹುಂಜ ನಮ್ಮೊಡನೆ ಪ್ರಯಾಣಕ್ಕೆ ಹೊರಟಿತು.

ರುತೆಂಗ್‌ನಿಂದ ಲಬುವಾನ್ ಬಾಜೋಗೆ ಹೋಗುವ ರಸ್ತೆ ನೇರವಾಗಿ ಸಾಗುವುದು ನಕ್ಷೆಯಲ್ಲಿ ಮಾತ್ರ. ಬಾಡಿಗೆಯ ವ್ಯಾನು ಪ್ರತಿಯೊಬ್ಬನನ್ನೂ ಅವನವನ ಮನೆ ಬಾಗಿಲಿಂದ ಹತ್ತಿಸಿಕೊಳ್ಳುತ್ತದೆ. ಆದ್ದರಿಂದ ಹೊರಡುವ ಹೊತ್ತು ಎಂದು ಹೇಳಿದ್ದು ಹೊರಡಲು ಆರಂಭಿಸುವ ಹೊತ್ತಷ್ಟೇ. ಹಿಂದಿನ ಸೀಟಿಗೆ ಅಕ್ಕಿಮೂಟೆ ಬರುವ ವೇಳೆಗೆ ನಾವು ಒಂದೇ ಚರ್ಚಿನ ಮುಂದೆ ಮತ್ತೆ ಮತ್ತೆ ಹಾದಿದ್ದೆವು. ತಿರುವುಗಳು ಶುರುವಾದೊಡನೆ ಪ್ಲಾಸ್ಟಿಕ್ ಚೀಲಗಳು ಕೈಯಿಂದ ಕೈಗೆ ಹಂಚಿಕೆಯಾದವು, ಸ್ಪೀಕರಿನ ಹಾಡು ಇನ್ನಷ್ಟು ಏರಿತು. ಒಬ್ಬ ಹೆಂಗಸು ಚೀಲ ಹಿಡಿದವಳು ಮತ್ತೆ ತಲೆಯೆತ್ತಲಿಲ್ಲ. ಹುಂಜ ಮಾತ್ರ ಪ್ರತಿ ತಿರುವಿಗೂ ಕೂಗಿ ಎಲ್ಲರನ್ನೂ ಎಚ್ಚರಿಸುತ್ತಿತ್ತು.

ಇಳಿಯುವಾಗ ಭಾವನವರು ಹುಂಜವನ್ನು ಚಾಲಕನಿಗೆ ಎರಡೂ ಕೈಯಿಂದ ಒಪ್ಪಿಸಿದರು. ಆತ ಅದರ ರೆಕ್ಕೆಯೆತ್ತಿ, ಕಾಲು ಹಿಸುಕಿ, ತೂಗಿ ನೋಡಿ, ಭಾವನವರ ಬಾಡಿಗೆಯನ್ನು ಮನ್ನಾ ಮಾಡಿದ. ನನ್ನ ಬಾಡಿಗೆಯನ್ನು ಪೂರ್ತಿ ಎಣಿಸಿಕೊಂಡ.