ಸ್ಪಷ್ಟನೆ: ಅದು ಬ್ರಿಟಿಷರ ಕಾಲದ ಫೋಟೋ ಅಲ್ಲ

ಚೌಕುಳಿ ಪರದೆಯ ಮುಂದಿರುವ ಹೆಂಗಸಿನ ಫೋಟೋ ಒಂದು ‘ಬ್ರಿಟಿಷರು ತೆಗೆದ ತೋಡ ಮಹಿಳೆಯ ಅಪರೂಪದ ಚಿತ್ರ’ ಎಂಬ ಒಕ್ಕಣೆಯೊಂದಿಗೆ ವಾಟ್ಸ್ಆ್ಯಪ್‌ನಲ್ಲಿ ನನಗೂ ಬಂತು (ತೋಡರು ನೀಲಗಿರಿಯ ಒಂದು ಬುಡಕಟ್ಟು). ಇದು ತಪ್ಪು. ಚಿತ್ರದಲ್ಲಿರುವವರು ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ. 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಸರಣಿಯದು ಅದು.

ಆ ಚೌಕಗಳನ್ನು ಸ್ವಲ್ಪ ಗಮನಿಸಿ. 1869ರಲ್ಲಿ ಜಾನ್ ಲ್ಯಾಂಪ್ರಿ ಎಂಬಾತ ಚೌಕಟ್ಟಿಗೆ ರೇಷ್ಮೆ ದಾರ ಬಿಗಿದು, ಎರಡೆರಡು ಇಂಚಿನ ಚೌಕ ಮಾಡಿ, ಅದರ ಮುಂದೆ ಜನರನ್ನು ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ತಂದ. ಮೈಯಳತೆಯಿಂದ ಮನುಷ್ಯರನ್ನು ವಿಂಗಡಿಸುವ ಲೆಕ್ಕಾಚಾರ ಅದು. ನಿಂತವರ ಹೆಸರನ್ನೂ ಎಷ್ಟೋ ಸಲ ಬರೆದಿಡಲಿಲ್ಲ. ಪುಷ್ಪಮಾಲಾ ಅಂಥದೇ ಚೌಕಗಳ ಮುಂದೆ ತೋಡ ಮಹಿಳೆಯ ವೇಷದಲ್ಲಿ ತಾವೇ ಹೋಗಿ ನಿಂತರು. ಇದೇ ಸರಣಿಯಲ್ಲಿ ರವಿವರ್ಮನ ವರ್ಣಚಿತ್ರದ ಬೆಳದಿಂಗಳ ಹೆಣ್ಣಾಗಿ ನಿಂತವರೂ ಅವರೇ. ‘ದಕ್ಷಿಣದ ಹೆಣ್ಣು’ ಎಂದರೆ ಹೀಗೇ ಎಂದು ಹೇಳಿದವರು ಯಾರು ಎಂಬುದೇ ಅವರ ಪ್ರಶ್ನೆ. ಹಳೆಯ ಫೋಟೋ ಎಂದು ಹಂಚಿದರೆ ಆ ಪ್ರಶ್ನೆಯೇ ಅಳಿಸಿಹೋಗುತ್ತದೆ. ನನಗೆ ನೋವಾದದ್ದು ಅದಕ್ಕೇ.

‘ಕ್ಯಾಮೆರಾ ಬೇರೆಯವರ ಕೈಯಲ್ಲಿದ್ದರೆ ಅದು ಪುಷ್ಪಮಾಲಾ ಅವರ ಸ್ವಂತ ಕೃತಿ ಹೇಗಾಗುತ್ತೆ?’ ಎಂದೂ ಕೆಲವರು ಕೇಳಿದ್ದಾರೆ. ಇದು ಫೋಟೋ ಪರ್ಫಾರ್ಮೆನ್ಸ್, ಅಂದರೆ ಕಲಾವಿದರು ತಾವೇ ಪಾತ್ರವಾಗಿ ಕ್ಯಾಮೆರಾ ಮುಂದೆ ಅಭಿನಯಿಸುವ ಕಲೆ. ಪಾತ್ರದ ಆಯ್ಕೆ, ವೇಷ, ನಿಲುವು ಎಲ್ಲವೂ ಸೇರಿಯೇ ಕೃತಿ. ಬಟನ್ ಒತ್ತುವುದು ಅದರ ಒಂದು ಭಾಗ ಮಾತ್ರ, ಹಾಗಾಗಿಯೇ ಆರ್ನಿಯವರ ಹೆಸರೂ ಜೊತೆಗಿರುತ್ತದೆ. ಮುಂದೆ ಕಳಿಸುವವರು ದಯವಿಟ್ಟು ಇಬ್ಬರ ಹೆಸರನ್ನೂ ಹಾಕಿ.