ಯಾರೂ ನೋಡದ ಕಂತಿಗೆ ಜೈ

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಮಿರ್ಚಿ ಬಂಡಿ ಮುಂದೆ ಇಬ್ಬರು ಗೆಳೆಯರು ಮೂರು ವಾರದಿಂದ ಮಾತು ಬಿಟ್ಟಿದ್ದಾರೆ. ಬೈಯೋದು ಬಿಟ್ಟಿಲ್ಲ. ಹೊಲದ ಬದುವಿನ ಜಗಳವಲ್ಲ, ಕಾಲುವೆ ನೀರಿಂದೂ ಅಲ್ಲ. ಇಂಗ್ಲೆಂಡಿನ ಬಿಬಿಸಿ ಟಿವಿಯ ‘ಡಾಕ್ಟರ್ ಹೂ’ ಧಾರಾವಾಹಿಯದ್ದು, ಕಾಲದಲ್ಲಿ ಹಿಂದೆ ಮುಂದೆ ತಿರುಗುವ ‘ಡಾಕ್ಟರ್’ ಎಂಬ ನಾಯಕನ ಕತೆ. 1963ರಲ್ಲಿ ಶುರುವಾಗಿ 1989ರಲ್ಲಿ ನಿಂತಿದ್ದನ್ನು 2005ರಲ್ಲಿ ಮತ್ತೆ ಎಬ್ಬಿಸಿದರಲ್ಲ, ಅದು ಅಸಲಿಯೋ ನಕಲಿಯೋ ಅಂತ.

ಹಳೇ ಪಕ್ಷದವನಿಗೆ ಈಗ ಮೂವತ್ತು. ಅಂದರೆ ಹಳೇದು ನಿಂತು ಎಷ್ಟೋ ವರ್ಷಕ್ಕೆ ಹುಟ್ಟಿದವನು. ಆದರೂ ಬಾಯಿ ತೆರೆದರೆ "ನಮ್ಮ ಕಾಲದಾಗ..." 2017ರಲ್ಲಿ ಜೋಡಿ ವಿಟ್ಟೇಕರ್ ಎಂಬ ನಟಿ ಮುಂದಿನ ಡಾಕ್ಟರ್ ಅಂತ ಗೊತ್ತಾದ ದಿನ ಊಟ ಬಿಟ್ಟಿದ್ದನಂತೆ. (ವಗ್ಗರಣಿ ಮಿರ್ಚಿ ಬಿಟ್ಟಿರಲಿಲ್ಲ.) ಮುಖ ಬದಲಾಗೋದು ಹೊಸದೇನಲ್ಲ. 1966ರಲ್ಲೇ, ಮೊದಲ ನಟ ವಿಲಿಯಂ ಹಾರ್ಟ್‌ನೆಲ್ ಆರೋಗ್ಯ ಕೆಟ್ಟಾಗ, ಡಾಕ್ಟರ್ ಬೇರೆ ಮೈ ಪಡೆದ ಅಂತ ಕತೆ ಕಟ್ಟಿ ಇನ್ನೊಬ್ಬನನ್ನು ತಂದರು. ನಮ್ಮ ಬಯಲಾಟದ ಭೀಮನಿಗೆ ಮಂಡಿನೋವು ಬಂದರೆ ಅವನ ಅಳಿಯ ಗದೆ ಹಿಡಿಯೋದಿಲ್ವಾ? ಊರವರು ಕೇಳೋದು ಒಂದೇ: ದನಿ ಹಿಂದಿನ ತನಕ ಕೇಳುತ್ತಾ?

ಹೊಸ ಪಕ್ಷದವನೂ ಕಡಿಮೆಯಿಲ್ಲ. ಡಾಕ್ಟರನ ವೈರಿಗಳಾದ ಡಾಲೆಕ್‌ಗಳು ಹಳೇದರಲ್ಲಿ ಕಸದ ಡಬ್ಬಿ ಥರ ಇದ್ದವು ಅಂತ ನಗುತ್ತಾನೆ. ಹೊಸ ಡಾಲೆಕ್‌ಗಳೂ ಹೆಚ್ಚುಕಡಿಮೆ ಅದೇ ಆಕಾರ. ಅದರದ್ದೇ ಚಿತ್ರ ಅವನ ಮೊಬೈಲ್ ಮೇಲಿದೆ.

ಆವತ್ತು ನಾನು ಸುಮ್ನೆ ಕೇಳಿದೆ, ಎಲ್ಲಕ್ಕಿಂತ ಚಂದದ ಕಂತು ಯಾವುದು ಅಂತ. ಹಳಬ ಅರವತ್ತರ ದಶಕದ ಒಂದು ಕಂತು ಹೇಳಿದ. ಅದು ಈಗ ಇಲ್ಲವೇ ಇಲ್ಲ. ಬಿಬಿಸಿಯವರು ಆಗೆಲ್ಲ ಟೇಪ್ ಅಳಿಸಿ ಮತ್ತೆ ಬಳಸುತ್ತಿದ್ದರು. ಹಾಗೆ ಹೋದ ಎಷ್ಟೋ ಕಂತು ಇನ್ನೂ ಸಿಕ್ಕಿಲ್ಲ.

"ಮತ್ತ ನೀ ಹೆಂಗ ನೋಡಿದಿ?" ಬಂಡಿಯ ಅಕ್ಕ ಜಾಲರಿ ಸೌಟು ಎತ್ತಿ ಎಣ್ಣೆ ಸೋಸುತ್ತಾ ಕೇಳಿದಳು.

"ನೋಡಿಲ್ಲಬೇ. ಅದಕ್ಕ ಅದು ಕೆಟ್ಟಿಲ್ಲ."

ಅಷ್ಟರಲ್ಲಿ ಟಂಟಂ ಆಟೋ ಬಂತು. ಡಾಕ್ಟರ್ ಕಾಲದಲ್ಲಿ ತಿರುಗುವ ಗಾಡಿ, ಆ ನೀಲಿ ಪೊಲೀಸ್ ಡಬ್ಬಿ, ಹೊರಗೆ ಸಣ್ಣದು, ಒಳಗೆ ದೊಡ್ಡದು, ನೋಡಿದವರೆಲ್ಲ ಬೆರಗಾಗುತ್ತಾರೆ. ಈ ಟಂಟಂ ಒಳಗೆ ಆಗಲೇ ಹನ್ನೊಂದು ಜನ, ಎರಡು ಚೀಲ ಜೋಳ. "ಜಾಗ ಐತಿ, ಬರ್ರಿ" ಅಂದ ಡ್ರೈವರ್. ಹಳಬ ಹೋಗಿ ಹೊಸಬನ ತೊಡೆ ಮೇಲೆ ಕೂತ. ತಿರುವು ದಾಟುವವರೆಗೂ "ಅಸಲಿ ಅಲ್ಲಲೇ ಅದು" ಅನ್ನೋದು ಕೇಳಿಸುತ್ತಿತ್ತು.