ಓಬವ್ವನ ಮುಖ ಹೇಗಿತ್ತಂತೆ?

ಈಗಷ್ಟೇ ಸ್ಕೂಲಿಂದ ಬಂದೆ. ಕಾಫಿ ಕೂಡ ಕುಡಿದಿಲ್ಲ. ಮೊದಲು ಇದನ್ನು ಬರೆದುಬಿಡ್ತೀನಿ, ಇಲ್ಲದಿದ್ದರೆ ಮನೆಯವರ ಮೇಲೆ ರೇಗಾಡ್ತೀನಿ.

ಆಗಸ್ಟ್ 15ಕ್ಕೆ ನಮ್ಮಲ್ಲಿ 'ವಿವಿಧತೆಯಲ್ಲಿ ಏಕತೆ' ವೇಷಭೂಷಣ. ಗೊತ್ತಲ್ಲ, ಪಂಜಾಬಿಗೆ ಪೇಟ, ಕೇರಳಕ್ಕೆ ಬಿಳಿ ಸೀರೆ, ರಾಜಸ್ಥಾನಕ್ಕೆ ಮೀಸೆ. ಎಂಟನೇ ಕ್ಲಾಸಿನ ಒಬ್ಬಳು ಒನಕೆ ಓಬವ್ವ ಆಗ್ತೀನಿ ಅಂದಳು. ಪಿವಿಸಿ ಪೈಪಿಗೆ ಕಂದು ಕಾಗದ ಸುತ್ತಿ, ಎರಡೂ ತುದಿಗೆ ಬೆಳ್ಳಿ ಬಣ್ಣದ ಟೇಪು ಅಂಟಿಸಿ, ಮನೆಯಿಂದಲೇ ಒನಕೆ ಮಾಡಿಕೊಂಡು ಬಂದಿದ್ದಳು. ಅಪ್ಪ ಅಮ್ಮ ಮಣಿಪುರದವರು. ಇವಳು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಸಂಧಿ ಬಿಡಿಸೋದರಲ್ಲಿ ಇಡೀ ಕ್ಲಾಸಿಗೆ ಮುಂದು.

ಪ್ರಾಕ್ಟೀಸ್ ಮಾಡಿಸುತ್ತಿದ್ದ ಟೀಚರ್ ಹೇಳಿದ್ದು: "ಬೇಡಮ್ಮ, ನಿನ್ನ ಮುಖಕ್ಕೆ ಓಬವ್ವ ಒಪ್ಪಲ್ಲ. ನಿಮ್ಮ ಕಡೆ ಡ್ಯಾನ್ಸ್ ಮಾಡು."

ಆ ಹುಡುಗಿ ಕೇಳಿದಳು, "ನಮ್ಮ ಕಡೆ ಅಂದ್ರೆ ಯಾವುದು ಮಿಸ್?"

ಜಗಳ ಆಡಲಿಲ್ಲ, ಅಳಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಅವಳು ಇಂಫಾಲ್ ನೋಡಿರುವುದು ಎರಡೇ ಸಲ, ಅದೂ ಅಜ್ಜಿ ಮನೆಗೆ ಹೋದಾಗ.

ಓಬವ್ವನ ಫೋಟೋ ಯಾರ ಹತ್ರ ಇದೆ ಸ್ವಾಮಿ? ಹದಿನೆಂಟನೇ ಶತಮಾನದವಳು. ಕೋಟೆಯ ಕಿಂಡಿಯ ಹತ್ತಿರ ಒನಕೆ ಹಿಡಿದು ನಿಂತಳು ಅಂತ ಗೊತ್ತು. ಮೂಗು ಎಷ್ಟು ಉದ್ದ ಇತ್ತು ಅಂತ ಅಳತೆ ತೆಗೆದವರು ಯಾರು?

ನನ್ನ ತಕರಾರು ಆ ಟೀಚರ್ ಬಗ್ಗೆ ಅಲ್ಲ. ಒಳ್ಳೆಯವರೇ. ತಕರಾರು ಇರೋದು ನಾವು ಪ್ರತಿ ವರ್ಷ ಇದನ್ನೇ ಪಾಠ ಅಂತ ಮಾಡುತ್ತೇವಲ್ಲ, ಅದರ ಬಗ್ಗೆ. ಒಂದು ರಾಜ್ಯಕ್ಕೆ ಒಂದು ಬಟ್ಟೆ, ಒಂದು ಮುಖ. ಆ ಅಚ್ಚಿಗೆ ಹೊಂದದ ಮಗು ಪಕ್ಕಕ್ಕೆ ನಿಲ್ಲಬೇಕು. ಆಮೇಲೆ ಅದೇ ಮಕ್ಕಳು ದೊಡ್ಡವರಾಗಿ ಬಸ್ಸಿನಲ್ಲಿ ಯಾರನ್ನೋ 'ಚೀನಾದವರಾ?' ಅಂತ ಕೇಳಿದರೆ ನಮಗೆ ಆಶ್ಚರ್ಯ! 2012ರ ಆಗಸ್ಟ್‌ನಲ್ಲಿ ಬರೀ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದ್ದು ಮರೆತುಹೋಯಿತಾ? 'ನೀನು ಇಲ್ಲಿಯವನಲ್ಲ' ಅಂತ ದಿನಾ ಕೇಳಿಸಿಕೊಂಡವರಿಗೆ ವದಂತಿ ನಂಬೋದು ಸುಲಭ.

ನಾನೇನು ಸಾಚಾ ಅಲ್ಲ, ಹೇಳಿಬಿಡ್ತೀನಿ. ಬಿ.ಎಡ್. ಓದುವಾಗ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಗುಂಗುರು ಕೂದಲಿನ ಒಬ್ಬ ಹುಡುಗನನ್ನು ಇಂಗ್ಲಿಷಿನಲ್ಲಿ 'ಯಾವ ದೇಶ' ಅಂತ ಕೇಳಿದ್ದೆ. "ಇಲ್ಲೇ ಅಕ್ಕಾ, ಮಾಗೋಡಿನ ಹತ್ರ" ಅಂದ, ಕನ್ನಡದಲ್ಲಿ. ಸಿದ್ದಿ ಹುಡುಗ. ಅವರ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ನೂರಾರು ವರ್ಷ ಆಗಿದೆ. ನಮ್ಮಪ್ಪ ಈ ಊರಿಗೆ ಬಂದು ಬರೀ ನಲವತ್ತು ವರ್ಷ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ ಸದಸ್ಯರಾದಾಗ ಪೇಪರ್ ಹಿಡಿದುಕೊಂಡು ನನಗೆ ನೆನಪಾದದ್ದು ಆ ಹುಡುಗನೇ. ಈಗಲೂ ಕಿವಿ ಬಿಸಿಯಾಗುತ್ತದೆ.

'ಚಿಕ್ಕ ಮಕ್ಕಳ ತಲೆಗೆ ಇದೆಲ್ಲ ಯಾಕೆ, ರಾಜಕೀಯ ಬೇಡ' ಅಂತ ಸ್ಟಾಫ್ ರೂಮಿನಲ್ಲಿ ಒಬ್ಬರು ಅಂದರು. ಸರಿ. 'ನಿನ್ನ ಮುಖ ಒಪ್ಪಲ್ಲ' ಅನ್ನೋದು ಯಾವ ಸಬ್ಜೆಕ್ಟಿನಲ್ಲಿ ಬರುತ್ತೆ ಮೇಡಂ? ವಿಜ್ಞಾನವಾ?

ಮಕ್ಕಳು ನಮಗಿಂತ ಬೇಗ ಹಿಡಿಯುತ್ತಾರೆ. ಹೋದ ವರ್ಷ ಏಳನೇ ಕ್ಲಾಸಿಗೆ 'ಒಬ್ಬ ಭಾರತೀಯನ ಚಿತ್ರ ಬರೆಯಿರಿ' ಅಂದಿದ್ದೆ. ಹೆಚ್ಚುಕಡಿಮೆ ಎಲ್ಲರೂ ಪೇಟ, ಪಂಚೆ, ಮೀಸೆ ಬರೆದರು. ಹೆಂಗಸರನ್ನು ಬರೆದವರು ಮೂರೇ ಜನ. ನಾನು ತಿದ್ದಲಿಲ್ಲ. "ನಿಮ್ಮ ಮನೆಯಲ್ಲಿ ಹೀಗೆ ಯಾರಿದ್ದಾರೆ?" ಅಂದೆ, ಅಷ್ಟೇ. ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ ಹಿಂದಿನ ಬೆಂಚಿನಿಂದ ಒಬ್ಬ, "ಮಿಸ್, ನಮ್ಮಪ್ಪ ಬರ್ಮುಡಾ ಹಾಕ್ತಾರೆ!" ಇಡೀ ಕ್ಲಾಸು ನಕ್ಕಿತು. ಇನ್ನೊಬ್ಬಳು, "ಹಾಗಾದ್ರೆ ನಾವು ಬರೆದಿದ್ದು ಯಾರನ್ನ?" ಅಂದಳು. ನಾನು ಉಪನ್ಯಾಸ ಕೊಟ್ಟಿದ್ದರೆ ಆ ಪ್ರಶ್ನೆ ಬರ್ತಿರಲಿಲ್ಲ, ಅಲ್ವಾ?

ಸಂವಿಧಾನದ 5ನೇ ವಿಧಿ ತೆಗೆದು ನೋಡಿ. ಪೌರತ್ವಕ್ಕೆ ವಾಸ, ಹುಟ್ಟು, ಅಪ್ಪ ಅಮ್ಮನ ಹುಟ್ಟು ಅಂತೆಲ್ಲ ಇದೆ. ಕಣ್ಣು ಮೂಗಿನ ಮಾತೇ ಇಲ್ಲ.

ಒನಕೆ ಈಗ ನನ್ನ ಬೀರುವಿನಲ್ಲಿದೆ. ಬೇರೆ ಹುಡುಗಿಗೆ ಕೊಡೋಕೆ ಹೊರಟಿದ್ದರು, ನಾನೇ ಇಸ್ಕೊಂಡು ಇಟ್ಟಿದ್ದೇನೆ. ನಾಳೆ ಹೆಡ್ ಮೇಡಂ ಹತ್ರ ಹೋಗ್ತೀನಿ. ಈಗ ಕಾಫಿ.